ಆಗಮೆಮ್ನಾನ್ ಕೊಲೆ ರಂಗದ ಮೇಲೆ ನಡೆಯುವುದಿಲ್ಲ

ಗ್ರೀಕ್ ನಾಟಕ ‘ಆಗಮೆಮ್ನಾನ್’ನಲ್ಲಿ ಹೆಂಡತಿ ಗಂಡನನ್ನು ಪ್ರೇಕ್ಷಕರ ಕಣ್ಣೆದುರೇ ಕೊಲ್ಲುತ್ತಾಳೆ, ಅದಕ್ಕೇ ಅದು ಅಷ್ಟು ಭಯಂಕರ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಕ್ರಿ.ಪೂ. 458ರಲ್ಲಿ ಅಥೆನ್ಸ್‌ನಲ್ಲಿ ಆಡಿದ ಈಸ್ಕಿಲಸ್‌ನ ಈ ನಾಟಕದಲ್ಲಿ ಕೊಲೆ ನಡೆಯುವುದು ಅರಮನೆಯ ಒಳಗೆ, ಸ್ನಾನದ ತೊಟ್ಟಿಯಲ್ಲಿ. ನಮಗೆ ಕಾಣುವುದು ಬಾಗಿಲು ಮಾತ್ರ.

ಭಯ ಹುಟ್ಟುವುದು ಅದಕ್ಕೂ ಮುಂಚೆ. ಯುದ್ಧ ಗೆದ್ದು ಬಂದ ರಾಜ ಆಗಮೆಮ್ನಾನ್‌ನ ರಥದಿಂದ ಬಾಗಿಲವರೆಗೆ ರಾಣಿ ಕ್ಲೈಟೆಮ್ನೆಸ್ಟ್ರಾ ಕೆಂಪು ಬಟ್ಟೆ ಹಾಸಿಸುತ್ತಾಳೆ. ಅವನು ಮೊದಲು ಒಲ್ಲೆ ಎನ್ನುತ್ತಾನೆ. ಕೊನೆಗೆ ಹೆಂಡತಿಯ ಮಾತಿಗೆ ಸೋತು, ಚಪ್ಪಲಿ ಬಿಚ್ಚಿಸಿಕೊಂಡು ಅದರ ಮೇಲೆ ನಡೆದು ಒಳಗೆ ಹೋಗುತ್ತಾನೆ. ಕೂಡಲೇ ಕೂಗು ಕೇಳಿಸಿಬಿಟ್ಟರೆ ಬಿಗಿಯೇ ಹೋಯಿತು, ಅಲ್ವಾ? ಕೇಳಿಸುವುದಿಲ್ಲ. ಸೆರೆಯಾಗಿ ಬಂದ, ಭವಿಷ್ಯ ಕಾಣಬಲ್ಲ ಕಸಾಂಡ್ರಾ ಹೊರಗೇ ನಿಂತು, ಒಳಗೆ ಆಗಲಿರುವುದನ್ನೆಲ್ಲ ಹೇಳುತ್ತಾಳೆ. ಊರ ಹಿರಿಯರ ತಲೆಗೆ ಅದು ಹೋಗುವುದಿಲ್ಲ. ಅವಳೂ ಒಳಗೆ ಹೋದ ಮೇಲೆ ರಾಜನ ಕೂಗು, ಎರಡು ಸಲ. ಹಿರಿಯರು ಏನು ಮಾಡೋಣ ಎಂದು ಸುಮ್ನೆ ಚರ್ಚೆಗೆ ನಿಲ್ಲುತ್ತಾರೆ. (ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ.) ಆಮೇಲಷ್ಟೇ ಎರಡು ಹೆಣ, ಪಕ್ಕದಲ್ಲಿ ರಾಣಿ.

ಹಾಗಂತ ಗ್ರೀಕರು ರಂಗದ ಮೇಲೆ ಹಿಂಸೆ ತೋರಿಸುತ್ತಲೇ ಇರಲಿಲ್ಲ ಎನ್ನುವುದೂ ಅತಿಯಾಯಿತು. ‘ಬಂಧಿತ ಪ್ರೊಮಿಥಿಯಸ್’ ಎಂಬ ಇನ್ನೊಂದು ಗ್ರೀಕ್ ನಾಟಕದಲ್ಲಿ ನಾಯಕನನ್ನು ಬಂಡೆಗೆ ಜಡಿಯುವುದು ಎಲ್ಲರೆದುರೇ.