ದಾನಪತ್ರದ ಕಪ್, ಗೆದ್ದವನ ಕಟ್ಟಳೆ

ಹಾಯಿದೋಣಿ ಓಟದ ಬಹುಮಾನವಾದ ಅಮೆರಿಕಾಸ್ ಕಪ್ ಅಂದರೆ ಅಮೆರಿಕ ದೇಶದವರ ಕಪ್ ಎಂದೇ ಊರ ಕಡೆಯ ಬಹಳ ಮಂದಿ ತಿಳಿದಿದ್ದಾರೆ. ಆದರೆ ಕಪ್ಪಿಗೆ ಆ ಹೆಸರು ಬಂದದ್ದು ಒಂದು ಹಾಯಿಹಡಗಿನಿಂದ. 'ಅಮೆರಿಕ' ಎಂಬ ಎರಡು ಕೂವೆಯ, ಅಂದರೆ ಎರಡು ಹಾಯಿಕಂಬದ, ಸ್ಕೂನರ್ 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪವನ್ನು ಒಂದು ಸುತ್ತು ಹಾಕಿ, ಸುಮಾರು 53 ನಾಟಿಕಲ್ ಮೈಲಿ ಓಡಿ, ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಅಲ್ಲಿನ ಕ್ಲಬ್ಬಿನವರ ದೋಣಿಗಳನ್ನೆಲ್ಲ ಹಿಂದೆ ಹಾಕಿತು. ಅಲ್ಲಿನವರ ಹಾಯಿ ಅಗಸೆ ನಾರಿನದು, ಗಾಳಿ ತುಂಬಿದರೆ ಚೀಲದಂತೆ ಉಬ್ಬುತ್ತಿತ್ತು. 'ಅಮೆರಿಕ'ದ್ದು ಬಿಗಿಯಾಗಿ ನೇಯ್ದ ಹತ್ತಿ ಬಟ್ಟೆ. ಚಪ್ಪಟೆಯಾಗಿ ನಿಲ್ಲುವ ಹಾಯಿಯಿದ್ದರೆ ದೋಣಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ಇನ್ನಷ್ಟು ಹತ್ತಿರ ಹಿಡಿಯಬಹುದು, ಅಂದರೆ ಅಂಕುಡೊಂಕಾಗಿ ಸಾಗುವ ದಾರಿ ಅಷ್ಟು ಕಡಿಮೆಯಾಗುತ್ತದೆ. ಬಹುಮಾನವಾಗಿ ಸಿಕ್ಕಿದ್ದು ಲಂಡನ್ನಿನ ಗ್ಯಾರಾರ್ಡ್ ಅಂಗಡಿಯಲ್ಲಿ 1848ರಲ್ಲಿ ಮಾಡಿದ ಬೆಳ್ಳಿಯ ಹೂಜಿ. ಅದಕ್ಕೆ ತಳವೇ ಇಲ್ಲ.

ದೋಣಿಯ ಒಡೆಯರು ಆ ಹೂಜಿಯನ್ನು 1857ರಲ್ಲಿ ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ದಾನಪತ್ರ ಬರೆದು ಒಪ್ಪಿಸಿದರು. ದೇಶದೇಶಗಳ ನಡುವೆ ಸ್ನೇಹದ ಸ್ಪರ್ಧೆಗೆಂದೇ ಕೊಟ್ಟ ಸವಾಲಿನ ಕಪ್ ಅದು. ಹಿಡಿದ ಕ್ಲಬ್ಬು ಅದರ ಒಡೆಯನಲ್ಲ, ಕಾಯುವವನು. ಹಳೆಯ ದಾನಶಾಸನಗಳ ಕೊನೆಯ ಸಾಲು ಓದಿದ ಕನ್ನಡಿಗರಿಗೆ ಇದು ಬೇಗ ತಿಳಿಯುತ್ತದೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂದು ನಮ್ಮವರು ಕಲ್ಲಿನಲ್ಲಿ ಕೊರೆಸಿದರು. ಆ ಶಾಪದ ಜಾಗದಲ್ಲಿ ಇಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಕೂತಿದೆ, ಇವತ್ತಿಗೂ ಪತ್ರದ ಅರ್ಥ ಹೇಳುವುದು ಅದೇ. ಆದರೆ ನಮ್ಮ ಶಾಸನಗಳಲ್ಲಿ ದತ್ತಿಯನ್ನು ನೋಡಿಕೊಳ್ಳುವವನೇ ದತ್ತಿಗಾಗಿ ಪೈಪೋಟಿಗೆ ಇಳಿಯುವುದಿಲ್ಲ. ಇಲ್ಲಿ ಇಳಿಯುತ್ತಾನೆ, ಅಖಾಡವನ್ನೂ ಅವನೇ ಆರಿಸುತ್ತಾನೆ. 170 ವರ್ಷದ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು ಎಂದು ನನ್ನ ಅನಿಸಿಕೆ.

1870ರ ಮೊದಲ ಸವಾಲನ್ನೇ ನೋಡಿ. ಇಂಗ್ಲೆಂಡಿನಿಂದ ಜೇಮ್ಸ್ ಆಶ್‌ಬರಿ ಒಂದೇ ದೋಣಿ, 'ಕ್ಯಾಂಬ್ರಿಯಾ', ತಂದರು. ನ್ಯೂಯಾರ್ಕಿನವರು ಇಡೀ ದೋಣಿಹಿಂಡನ್ನೇ ಎದುರಿಗೆ ಬಿಟ್ಟರು. 'ಮ್ಯಾಜಿಕ್' ಗೆದ್ದಿತು. ಮುಂದೆ ಪತ್ರವನ್ನು 1882ರಲ್ಲೂ 1887ರಲ್ಲೂ ತಿದ್ದಿ ಬರೆದರು. ಸವಾಲಿಗೆ ಹತ್ತು ತಿಂಗಳ ನೋಟಿಸು ಬೇಕು, ದೋಣಿಯನ್ನು ಆಯಾ ದೇಶದಲ್ಲೇ ಕಟ್ಟಿರಬೇಕು, ಒಂಟಿ ಕೂವೆಯದಾದರೆ ನೀರಗೆರೆಯಲ್ಲಿ, ಅಂದರೆ ನೀರಿನ ಮಟ್ಟದಲ್ಲಿ, ಅದರ ಉದ್ದ 65ರಿಂದ 90 ಅಡಿ. ಜೊತೆಗೆ ಸವಾಲುಗಾರನ ದೋಣಿ ಸ್ವಂತ ಹಾಯಿಯಲ್ಲೇ ಸಮುದ್ರ ದಾಟಿ ಬರಬೇಕು! ಈ ಕೊನೆಯ ಷರತ್ತು ಕಾಗದದಲ್ಲಿ ಒಂದು ಸಾಲು, ನೀರಿನಲ್ಲಿ ಟನ್ನುಗಟ್ಟಲೆ ಭಾರ. ಅಟ್ಲಾಂಟಿಕ್ ದಾಟಬೇಕಾದ ದೋಣಿಗೆ ದಪ್ಪ ಹಲಗೆ, ಗಟ್ಟಿ ಪಕ್ಕೆಲುಬು ಬೇಕೇ ಬೇಕು. ಬಂದರಿನಿಂದ ಹೊರಗೆ ಹೋಗಿ ಬರುವಷ್ಟೇ ಕೆಲಸವಿರುವ ದೋಣಿಯನ್ನು ಎಷ್ಟು ತೆಳ್ಳಗೆ ಬೇಕಾದರೂ ಕಟ್ಟಬಹುದು.

ಕಪ್ಪು ಕಾಯಲು ನ್ಯೂಯಾರ್ಕಿನವರು ಇಳಿಸಿದ 1903ರ 'ರಿಲಯನ್ಸ್' ಇದರ ತುತ್ತತುದಿ. ನಥಾನಿಯಲ್ ಹೆರೆಶಾಫ್ ಕಟ್ಟಿದ ಈ ದೋಣಿ ನಿಂತಾಗ ನೀರಗೆರೆಯಲ್ಲಿ 90 ಅಡಿಯೊಳಗೇ ಇತ್ತು. ಆದರೆ ಮೂತಿ, ಹಿಂಭಾಗ ಎರಡೂ ನೀರಿನ ಮೇಲೆ ಚಾಚಿ, ಒಟ್ಟು ಉದ್ದ 140 ಅಡಿ ಮೀರಿತ್ತು. ಗಾಳಿಗೆ ಓರೆಯಾದ ಕೂಡಲೇ ಆ ಚಾಚು ನೀರಿಗೆ ತಾಗಿ ದೋಣಿ ಉದ್ದವಾಗುತ್ತದೆ, ಉದ್ದವಾದಷ್ಟೂ ವೇಗದ ಮಿತಿ ಮೇಲೇರುತ್ತದೆ. ಹಾಯಿಯೇ 16,160 ಚದರ ಅಡಿ. ಚಹಾ ವ್ಯಾಪಾರಿ ಥಾಮಸ್ ಲಿಪ್ಟನ್ ಇಂಥ ದೋಣಿಗಳ ಎದುರು 1899ರಿಂದ 1930ರವರೆಗೆ ಐದು 'ಶಾಮ್‌ರಾಕ್'ಗಳನ್ನು ತಂದು ಐದು ಸಲವೂ ಸೋತರು. 1920ರಲ್ಲಂತೂ ಐದರಲ್ಲಿ ಮೊದಲೆರಡು ಓಟ ಗೆದ್ದು, ಉಳಿದ ಮೂರನ್ನೂ ಕಳೆದುಕೊಂಡರು. ಸಮುದ್ರ ದಾಟಿ ಬರಬೇಕೆಂಬ ಷರತ್ತು ಹೋದದ್ದು 1956ರಲ್ಲಿ, ನ್ಯಾಯಾಲಯದ ಅಪ್ಪಣೆಯಿಂದ. ಆಗಲೇ ಕನಿಷ್ಠ ಉದ್ದವೂ 44 ಅಡಿಗೆ ಇಳಿಯಿತು.

1983ರಲ್ಲಿ, 132 ವರ್ಷದ ನಂತರ, ಕಪ್ಪು ಕೊನೆಗೂ ಅಮೆರಿಕ ಬಿಟ್ಟು ಹೊರಟಿತು. ಪರ್ತ್‌ನಿಂದ ಬಂದ 'ಆಸ್ಟ್ರೇಲಿಯಾ 2' ದೋಣಿಯ ಗುಟ್ಟು ವಿನ್ಯಾಸಕ ಬೆನ್ ಲೆಕ್ಸನ್ ಹೆಸರಿನಲ್ಲಿರುವ ಕೀಲ್. ಕೀಲ್ ಎಂದರೆ ದೋಣಿ ಮಗುಚದಂತೆ ಅಡಿಯಲ್ಲಿ ಇಳಿಬಿಟ್ಟ ಸೀಸದ ಭಾರ. ಸಾಮಾನ್ಯವಾಗಿ ಅದು ಮೇಲೆ ಅಗಲ, ಕೆಳಗೆ ಕಿರಿದು. ಇದರಲ್ಲಿ ತಲೆಕೆಳಗು: ಕೆಳಗೆ ಅಗಲ, ಅದರ ಎರಡೂ ಬದಿಗೆ ಸೀಸದ ರೆಕ್ಕೆ. ಭಾರ ತೀರ ಕೆಳಗಿಳಿದದ್ದರಿಂದ ಹಗುರ ದೋಣಿಯೂ ಹಾಯಿ ಹೊತ್ತು ನೆಟ್ಟಗೆ ನಿಂತಿತು. ಕೀಲಿನ ತುದಿಯಲ್ಲಿ ಒಂದು ಬದಿಯ ನೀರು ಇನ್ನೊಂದು ಬದಿಗೆ ನುಸುಳಿ ಸುಳಿ ಏಳುವುದನ್ನು ರೆಕ್ಕೆ ತಗ್ಗಿಸಿತು. ದೋಣಿ ವಾಲಿದಾಗ ಒಂದು ರೆಕ್ಕೆ ಇನ್ನಷ್ಟು ಆಳಕ್ಕೆ ಇಳಿದು ಪಕ್ಕಕ್ಕೆ ಜಾರುವುದನ್ನು ತಡೆಯಿತು. ಇದರ ಪರೀಕ್ಷೆ ನಡೆದದ್ದು ನೆದರ್ಲೆಂಡ್ಸಿನ ತೊಟ್ಟಿಯಲ್ಲಿ, ಆದ್ದರಿಂದ ಇದು ಆಸ್ಟ್ರೇಲಿಯಾದವರ ವಿನ್ಯಾಸವೇ ಅಲ್ಲ ಎಂದು ನ್ಯೂಯಾರ್ಕಿನವರು ತಕರಾರು ಎತ್ತಿದರು. ತಕರಾರು ನಿಲ್ಲಲಿಲ್ಲ. 1-3ರಿಂದ ಹಿಂದೆ ಬಿದ್ದಿದ್ದ ಆಸ್ಟ್ರೇಲಿಯಾದ ಜಾನ್ ಬರ್ಟ್ರಾಂಡ್ ತಂಡ ಏಳನೆಯ ಓಟವನ್ನು 41 ಸೆಕೆಂಡಿನಿಂದ ಗೆದ್ದು 4-3 ಮಾಡಿತು.

ನಾನಿರುವ ನ್ಯೂಜಿಲೆಂಡಿನವರಿಗೆ ಪತ್ರದ ಎರಡೂ ಮುಖ ಗೊತ್ತು. 1987ರಲ್ಲಿ ಇಲ್ಲಿಯ ಬ್ಯಾಂಕರ್ ಮೈಕೆಲ್ ಫೇ ಪತ್ರದ ಅಕ್ಷರ ಹಿಡಿದೇ 90 ಅಡಿ ನೀರಗೆರೆಯ ದೊಡ್ಡ ದೋಣಿಯೊಂದಿಗೆ ಸವಾಲು ಹಾಕಿದರು. ದೋಣಿಗೆ ಎಷ್ಟು ಒಡಲು ಇರಬೇಕೆಂದು ಪತ್ರದಲ್ಲಿ ಇಲ್ಲವಲ್ಲ ಎಂದು, ಆಗ ಕಪ್ಪನ್ನು ಅಮೆರಿಕಕ್ಕೆ ಮರಳಿ ತಂದು ಹಿಡಿದಿದ್ದ ಸ್ಯಾನ್ ಡಿಯೇಗೊದವರು ಜೋಡಿ ಒಡಲಿನ ಕ್ಯಾಟಮರಾನ್ ತಂದು 1988ರಲ್ಲಿ ಸುಲಭವಾಗಿ ಗೆದ್ದರು. ಕೆಳ ನ್ಯಾಯಾಲಯ ಕಪ್ಪನ್ನು ನ್ಯೂಜಿಲೆಂಡಿಗೆ ಕೊಡಿ ಎಂದಿತು, 1990ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸ್ಯಾನ್ ಡಿಯೇಗೊ ಪರ ತೀರ್ಪು ಕೊಟ್ಟಿತು. 1995ರಲ್ಲಿ ಪೀಟರ್ ಬ್ಲೇಕ್ ತಂಡ 5-0ಯಿಂದ ನೀರಿನ ಮೇಲೆಯೇ ಗೆದ್ದು ತಂದಿತು. 2000ದಲ್ಲಿ ಉಳಿಸಿಕೊಂಡ ಮೇಲೆ ಚುಕ್ಕಾಣಿ ಹಿಡಿದಿದ್ದ ರಸೆಲ್ ಕೂಟ್ಸ್ ಸ್ವಿಟ್ಜರ್ಲೆಂಡಿನ ತಂಡ ಸೇರಿದರು, 2003ರಲ್ಲಿ ಆಕ್ಲೆಂಡಿನ ಎದುರಲ್ಲೇ ಕಪ್ಪು ಹೋಯಿತು. ಆ ಸಲ ಇಲ್ಲಿಯವರ ದೋಣಿ ಮೊದಲ ಓಟದಲ್ಲಿ ನೀರು ತುಂಬಿಕೊಂಡು ಹಿಂದೆ ಸರಿಯಿತು, ನಾಲ್ಕನೆಯದರಲ್ಲಿ ಕೂವೆಯೇ ಮುರಿಯಿತು. ಭಾರ ಇಳಿಸಲು ಹೋದವರ ದೋಣಿಯಲ್ಲಿ ಒಂದೊಂದು ಭಾಗವೂ ತನ್ನ ತಾಳಿಕೆಯ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತದೆ.

ಈಗಿನ ಎಸಿ75 ದೋಣಿಗೆ ಕೀಲೇ ಇಲ್ಲ. ಎರಡು ಬದಿಗೆ ಎರಡು ತೋಳು, ತೋಳಿನ ತುದಿಗೆ ಫಾಯಿಲ್ ಎಂಬ ನೀರೊಳಗಿನ ರೆಕ್ಕೆ. ವೇಗ ಬಂದಾಗ ಒಡಲು ಪೂರ್ತಿ ನೀರು ಬಿಟ್ಟು ಏಳುತ್ತದೆ, 50 ನಾಟ್, ಅಂದರೆ ಗಂಟೆಗೆ 92 ಕಿ.ಮೀ.ಗೂ ಮೇಲೆ ಓಡುತ್ತದೆ. ಕಷ್ಟವಿರುವುದು ಏಳುವುದರಲ್ಲಿ. 2021ರ ಎಂಟನೆಯ ಓಟದಲ್ಲಿ ಕ್ಷೀಣ ಗಾಳಿ. ಇಟಲಿಯ 'ಲೂನಾ ರೊಸ್ಸಾ' ಕಲಕಿದ ಗಾಳಿಗೆ ಸಿಕ್ಕ ನ್ಯೂಜಿಲೆಂಡ್ ದೋಣಿ ಫಾಯಿಲಿನಿಂದ ಇಳಿದು ನೀರಲ್ಲಿ ಕೂತುಬಿಟ್ಟಿತು. ಒಡಲು ಒದ್ದೆಯಾದರೆ ಎಳೆತ ಹೆಚ್ಚು, ಎಳೆತವಿದ್ದರೆ ಮತ್ತೆ ಏಳುವಷ್ಟು ವೇಗವಿಲ್ಲ. ಬಹು ದೂರ ಮುಂದಿದ್ದ ಇಟಲಿಯ ದೋಣಿಯೂ ಸ್ವಲ್ಪ ಹೊತ್ತಿಗೆ ಹಾಗೆಯೇ ಕೂತಿತು. ನ್ಯೂಜಿಲೆಂಡ್ ಮೊದಲು ಎದ್ದು ಗೆದ್ದಿತು.

ಸ್ಪರ್ಧೆ ನಡೆಸುವ ರೀತಿಗೆ ಬರುತ್ತೇನೆ. ನಮ್ಮ ರಣಜಿ ಟ್ರೋಫಿ ಗೆದ್ದ ತಂಡ ಮರುವರ್ಷ ಎಲ್ಲರಂತೆ ಮೊದಲ ಪಂದ್ಯದಿಂದಲೇ ಆಡಬೇಕು, ನಿಯಮ ಬರೆಯುವವರು ಬೇರೆ. ಇಲ್ಲಿಯವರ ರಗ್ಬಿಯ ರ‍್ಯಾನ್‌ಫರ್ಲಿ ಶೀಲ್ಡ್ 1902ರಿಂದಲೂ ಸವಾಲಿನ ಪದ್ಧತಿಯದೇ: ಹಿಡಿದ ಪ್ರಾಂತ ತನ್ನ ಮೈದಾನದಲ್ಲಿ ಕಾಯುತ್ತದೆ, ಸೋತರೆ ಅಂದೇ ಒಪ್ಪಿಸುತ್ತದೆ. ಆದರೆ ಚೆಂಡಿನ ಅಳತೆಯನ್ನು ಹಿಡಿದವರು ಬದಲಿಸುವಂತಿಲ್ಲ. ಕರಾವಳಿಯ ಕಂಬಳದಲ್ಲೂ ಅಷ್ಟೆ. ಹಗ್ಗದ ಕೋಣ ಹಗ್ಗದವಕ್ಕೇ, ನೇಗಿಲಿನವು ನೇಗಿಲಿನವಕ್ಕೇ ಎದುರು. ಕನೆಹಲಗೆಯಲ್ಲಿ ನೀರು ಚಿಮ್ಮಬೇಕಾದ ನಿಶಾನೆ ಆರೂವರೆ ಕೋಲು, ಏಳೂವರೆ ಕೋಲು. ಕರೆ, ಅಂದರೆ ಓಟದ ಗದ್ದೆ, ಬದಲಾದರೂ ಕೋಲು ಬದಲಾಗದು.

ಸವಾಲಿನ ಪದ್ಧತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಒಬ್ಬನು ಕಾಯುತ್ತಾನೆ, ಒಬ್ಬನು ಕೇಳಲು ಬರುತ್ತಾನೆ ಎಂಬುದರಲ್ಲಿ ಲೀಗಿಗೆ ಇಲ್ಲದ ತೂಕವಿದೆ. ಆದರೆ ದೋಣಿಯ ಅಳತೆ ಕನಿಷ್ಠ ಮೂರು ಆವೃತ್ತಿಗೆ ಹಾಗೇ ಇರಬೇಕು. 2010ರಲ್ಲಿ ದೈತ್ಯ ಮೂರೊಡಲು, 2013ರಲ್ಲಿ 72 ಅಡಿಯ ಕ್ಯಾಟಮರಾನ್, 2017ರಲ್ಲಿ 50 ಅಡಿಯದು, 2021ರಲ್ಲಿ ಎಸಿ75 ಎಂದು ಪ್ರತಿ ಸಲ ಬದಲಿಸಿದರೆ ಕೂಡಿಟ್ಟ ವಿದ್ಯೆಯೆಲ್ಲ ಬಿಸಾಡಿದಂತೆ, ಹೊಸ ದೇಶ ಒಳಗೆ ಬರಲೂ ಆಗದು. ಎಸಿ75 ಉಳಿದುಕೊಂಡು 2024ರಲ್ಲೂ ಓಡಿತು, 2027ರ ನೇಪಲ್ಸಿಗೂ ಅದೇ, ಹಳೆಯ ಒಡಲನ್ನೇ ಬಳಸಬೇಕು ಎಂಬ ನಿಯಮವೂ ಬಂದಿದೆ. ಇದನ್ನು ಮನಸಾರೆ ಒಪ್ಪುತ್ತೇನೆ.

ಒಪ್ಪಲಾಗದ್ದು ಎರಡು. ಕಪ್ಪು ಹಿಡಿದ ಕ್ಲಬ್ಬು ಆಕ್ಲೆಂಡಿನದು, 2024ರ ಓಟ ನಡೆದದ್ದು ಬಾರ್ಸಿಲೋನಾದಲ್ಲಿ, ಮುಂದಿನದು ಇಟಲಿಯಲ್ಲಿ. ಹಣದ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ 2021ರಲ್ಲಿ ಇಲ್ಲಿಯ ಗುಡ್ಡಗಳ ಮೇಲೆ ಕೂತು ಬರಿಗಣ್ಣಲ್ಲಿ ಓಟ ನೋಡಿದ ಜನ ಈಗ ನಡುರಾತ್ರಿ ಎದ್ದು ಟಿವಿ ಹಾಕಬೇಕು. ಎರಡನೆಯದು ಬ್ಯಾಟರಿ. ಪತ್ರ ಕೇಳುವುದು ಹಾಯಿಯಿಂದಲೇ ಸಾಗುವ ದೋಣಿಯನ್ನು. ಹಾಯಿ ಎಳೆಯುವ ಎಣ್ಣೆಯ ಒತ್ತಡ ಹಿಂದೆ ಗ್ರೈಂಡರ್ ಎಂಬ ಹಿಡಿಕೆಯನ್ನು ಕೈಯಿಂದ ತಿರುಗಿಸಿದವರ ಬೆವರಿನಿಂದ ಬರುತ್ತಿತ್ತು. ತೊಡೆಯ ಸ್ನಾಯು ತೋಳಿಗಿಂತ ದೊಡ್ಡದು ಎಂದು ನ್ಯೂಜಿಲೆಂಡಿನವರು 2017ರಲ್ಲಿ ಸೈಕಲ್ ಪೆಡಲು ಕೂರಿಸಿ 7-1ರಿಂದ ಗೆದ್ದರು, 2024ರ ದೋಣಿಗಳಲ್ಲೂ ಪೆಡಲು ತುಳಿದರು. ನೇಪಲ್ಸಿನಲ್ಲಿ ದೋಣಿಗೆ ಐದೇ ಜನ, ಪೆಡಲು ತುಳಿಯುವವರ ಜಾಗದಲ್ಲಿ ಬ್ಯಾಟರಿ. ಐವರಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕೆಂಬ ಹೊಸ ನಿಯಮ ಒಳ್ಳೆಯದು, ಅದು ಇರಲಿ. ಪೆಡಲು ತುಳಿಯುವವರನ್ನೂ ವಾಪಸು ಕರೆಯಲಿ.