ಲಗೇಜ್ ಇದ್ದವರು ಹಿಂದಕ್ಕೆ

ಕನ್ನಡದ ಗುಣವಾಚಕ ಒಂದು ವಿಷಯದಲ್ಲಿ ಬಲು ಹಟಮಾರಿ. ನಾಮಪದಕ್ಕಿಂತ ಮೊದಲು ತಾನು ಬರಬೇಕು, ಅಷ್ಟೇ. ‘ಕೆಂಪು ಸೀರೆ’ ಅಂದರೂ ಸರಿ, ‘ನಾದಿನಿಯ ಮದುವೆಗೆಂದು ಇಳಕಲ್ಲಿನಿಂದ ತರಿಸಿ, ಒಂದು ಸಲವೂ ಉಡದೆ ಬೀರುವಿನಲ್ಲೇ ಇಟ್ಟ ಕೆಂಪು ಸೀರೆ’ ಅಂದರೂ ಸರಿ, ಸೀರೆಯ ಸರದಿ ಬರುವುದು ಕಟ್ಟಕಡೆಗೆ. ಅಲ್ಲಿಯವರೆಗೆ ಕೇಳುವವರು ಕಾಯಬೇಕು. ಪಾಪ, ಕಾಯುತ್ತಾರೆ ಕೂಡ.

ಇಂಗ್ಲಿಷಿನ ಗುಣವಾಚಕ ಹಾಗಲ್ಲ. ಅದರದು ನಮ್ಮ ಕೆಂಪು ಬಸ್ಸಿನ ಪ್ರಯಾಣಿಕನ ಪಾಡು. ಕೈ ಖಾಲಿ ಇದ್ದರೆ ಮುಂದಿನ ಸೀಟು: ‘ಎ ಪ್ರೌಡ್ ಫಾದರ್’. ಕೈಯಲ್ಲೊಂದು ಪ್ರಿಪೊಸಿಷನ್ನಿನ ಗಂಟು ಕಂಡಿತೋ, ‘ಲಗೇಜ್ ಇದ್ದವರು ಹಿಂದಕ್ಕೆ ಹೋಗ್ರೀ’ ಎಂದು ಕಂಡಕ್ಟರ್ ಕೂಗುತ್ತಾನೆ. ಆಗ ನಾಮಪದವನ್ನು ದಾಟಿಕೊಂಡು ಆಚೆ ಹೋಗಿ ಕೂರಬೇಕು: ‘ಎ ಫಾದರ್ ಪ್ರೌಡ್ ಆಫ್ ಹಿಸ್ ಸನ್’. ನಮ್ಮಲ್ಲಾದರೆ ‘ಮಗನ ಬಗ್ಗೆ ಹೆಮ್ಮೆಪಡುವ’ ಎಂಬ ಇಡೀ ಸಂಸಾರ ಅಪ್ಪನಿಗಿಂತ ಮೊದಲೇ ಬಂದು ಕೂತಿರುತ್ತದೆ.

ಗಂಟನ್ನು ಹಗ್ಗ ಹಾಕಿ ಬಿಗಿದರೆ ಮಾತ್ರ ಸ್ವಲ್ಪ ರಿಯಾಯಿತಿ. ಆ ಹಗ್ಗದ ಹೆಸರು ಹೈಫನ್. ಮೂರು ಕಾಸಿನ ಕೆಲಸಕ್ಕೂ ಬಾರದವನನ್ನು ‘ಎ ಗುಡ್-ಫಾರ್-ನಥಿಂಗ್ ಫೆಲೋ’ ಎಂದು ಬೈಯಬಹುದು. ಲಗೇಜ್ ಸಮೇತ ಮುಂದಿನ ಸೀಟು ಸಿಕ್ಕಿತು. ಬೈಗುಳಕ್ಕೆ ಈ ಸೌಲಭ್ಯ ಇದ್ದು ಹೆಮ್ಮೆಗೆ ಇಲ್ಲದಿರುವುದು ನನಗೇನೂ ಸರಿ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಚಾಲಾಕಿ ಎಂದರೆ ‘ಸಿಮಿಲರ್’. ‘ಎ ಸಿಮಿಲರ್ ಹೌಸ್ ಟು ಅವರ್ಸ್’ ಎಂಬ ಮಾತು ನೋಡಿ. ತಾನು ಮುಂದೆ ಕೂತು, ತನ್ನ ಗಂಟನ್ನು ಮಾತ್ರ ಹಿಂದಕ್ಕೆ ಸಾಗಿಸಿಬಿಟ್ಟಿದೆ. ನಡುವೆ ಮನೆ ನಿಂತಿದ್ದರೂ ‘ಟು’ ತನ್ನ ಯಜಮಾನ ಯಾರೆಂಬುದನ್ನು ಮರೆತಿಲ್ಲ. ಇದೇ ಉಪಾಯವನ್ನು ‘ಪ್ರೌಡ್’ ಮಾಡಲು ಹೋದರೆ ಎಡವಟ್ಟು. ‘ಎ ಪ್ರೌಡ್ ಫಾದರ್ ಆಫ್ ಟೂ ಚಿಲ್ಡ್ರನ್’ ಎಂದಾಗ ‘ಆಫ್’ ಹೆಮ್ಮೆಯನ್ನು ಬಿಟ್ಟು ಅಪ್ಪನ ಕೈ ಹಿಡಿಯುತ್ತದೆ. ಆತ ಇಬ್ಬರು ಮಕ್ಕಳ ತಂದೆ ಎಂಬುದಷ್ಟೇ ಖಚಿತ. ಹೆಮ್ಮೆ ಮಕ್ಕಳ ಮೇಲೋ, ಹೊಸ ಕಾರಿನ ಮೇಲೋ, ವ್ಯಾಕರಣ ಹೊಣೆ ಹೊರುವುದಿಲ್ಲ.

ಕೈ ಬೀಸಿಕೊಂಡು ಬಂದರೂ ಹಿಂದೆಯೇ ಕೂರುವವು ಕೆಲವಿವೆ. ‘ಅಡ್ವೊಕೇಟ್ ಜನರಲ್’ ಅಂಥದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಿಗೆ ಫ್ರೆಂಚ್ ಬಂತು, ಫ್ರೆಂಚಿನ ಪದಕ್ರಮವೂ ಬಂತು. ಅದು ಸಮುದ್ರ ದಾಟಿ ನಮ್ಮ ಸಂವಿಧಾನದ 165ನೇ ವಿಧಿಯಲ್ಲೂ ಹಾಗೇ ಉಳಿದಿದೆ. ಅದೇ ‘ಜನರಲ್’ ರೈಲು ಹತ್ತಿದರೆ ಮುಂದೆ ಬಂದು ‘ಜನರಲ್ ಬೋಗಿ’ ಆಗುತ್ತದೆ. ನಿಲ್ಲಲು ಜಾಗ ಇಲ್ಲದ ಕಡೆ ಮುಂದೆ, ಕುರ್ಚಿ ಇದ್ದ ಕಡೆ ಹಿಂದೆ!

‘ಅಸ್ಲೀಪ್’ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ಎ ಸ್ಲೀಪಿಂಗ್ ಚೈಲ್ಡ್’ ಸರಿ, ‘ಎನ್ ಅಸ್ಲೀಪ್ ಚೈಲ್ಡ್’ ತಪ್ಪು. ಯಾಕೆ ಎಂದು ಕೇಳಿದರೆ ಮೇಷ್ಟರು ‘ಅದು ಹಾಗೇ ಕಣೋ’ ಅನ್ನುತ್ತಿದ್ದರು. ಅದರ ಹೊಟ್ಟೆ ಬಗೆದು ನೋಡಿದರೆ ಒಳಗೊಂದು ಪ್ರಿಪೊಸಿಷನ್ ಅಡಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಆನ್ ಸ್ಲೀಪ್’, ಎಂದರೆ ‘ನಿದ್ದೆಯಲ್ಲಿ’ ಎಂಬ ಎರಡು ಪದಗಳ ಮಾತು. ಆಡಿ ಆಡಿ ‘ಆನ್’ ಸವೆದು ಬರೀ ‘ಅ’ ಉಳಿಯಿತು. ‘ಅಲೈವ್’ ಕೂಡ ಹೀಗೇ, ಒಂದು ಕಾಲದ ‘ಆನ್ ಲೈಫ್’. ಲಗೇಜ್ ನುಂಗಿಕೊಂಡು ಬಂದರೂ ಕಂಡಕ್ಟರಿಗೆ ಹೇಗೋ ಗೊತ್ತಾಗಿಬಿಟ್ಟಿದೆ. ‘ಅಫ್ರೇಡ್’ ಮಾತ್ರ ಬೇರೆ ವಂಶದ್ದು, ಫ್ರೆಂಚ್ ಕಡೆಯಿಂದ ಬಂದದ್ದು. ಆದರೂ ಅದು ನಿಂತಿರುವುದು ಇದೇ ಸಾಲಿನಲ್ಲಿ.

ಸರ್ವನಾಮದ ವಿಷಯಕ್ಕೆ ಬಂದರೆ ರಂಗವೇ ಬದಲಾಗುತ್ತದೆ. ‘ಸಮ್‌ಥಿಂಗ್ ಹಾಟ್’, ‘ನೋಬಡಿ ಇಂಪಾರ್ಟೆಂಟ್’: ಇಲ್ಲಿ ಗಂಟು ಇರಲಿ ಬಿಡಲಿ, ಗುಣವಾಚಕಕ್ಕೆ ಹಿಂದಿನ ಜಾಗವೇ ಗತಿ. ‘ಸಮ್’ ಮತ್ತು ‘ಥಿಂಗ್’ ಬೆಸೆದುಕೊಂಡು ಒಂದಾಗಿವೆ, ನಡುವೆ ನುಸುಳಲು ಸಂದಿಲ್ಲ. ಇದು ಇಂಗ್ಲಿಷಿನದೇ ವಿಚಿತ್ರ ಎಂದು ನಗುವ ಮುಂಚೆ ನಮ್ಮ ದರ್ಶಿನಿಯಲ್ಲಿ ಒಂದು ನಿಮಿಷ ಕಿವಿಗೊಡಿ. ‘ಏನಾದ್ರೂ ಬಿಸಿ ಇದ್ಯೇನಪ್ಪಾ?’ ಅನ್ನುತ್ತಾರೆ. ಮಗಳಿಗೆ ಗಂಡು ಹುಡುಕುವ ತಾಯಿ ‘ಯಾರಾದರೂ ಒಳ್ಳೆಯವರಿದ್ದರೆ ಹೇಳಿ’ ಅನ್ನುತ್ತಾಳೆಯೇ ಹೊರತು ‘ಒಳ್ಳೆಯ ಯಾರಾದರೂ’ ಅನ್ನುವುದಿಲ್ಲ. ನಮ್ಮ ಹಟಮಾರಿಯೂ ಇಲ್ಲಿ ಸದ್ದಿಲ್ಲದೆ ಹಿಂದೆ ಸರಿದಿದೆ! ಬರಿಗೈಯಲ್ಲಿ ಮಾತ್ರ ಹೋಗಿಲ್ಲ. ‘ಒಳ್ಳೆಯ’ ಎಂಬುದು ‘ಅವರು’ ಎಂಬ ಸರ್ವನಾಮವನ್ನೇ ಮೈಗೆ ಅಂಟಿಸಿಕೊಂಡು, ‘ಒಳ್ಳೆಯವರು’ ಆಗಿ, ನಾಮಪದದ ಗತ್ತಿನಲ್ಲೇ ಹೋಗಿದೆ. ಈ ವಿದ್ಯೆ ಇಂಗ್ಲಿಷಿಗೆ ಬಾರದು. ಅದು ‘ದಿ ಗುಡ್ ಒನ್’ ಎಂದು ಸಾಮಾನ್ಯವಾಗಿ ‘ಒನ್’ ಅನ್ನು ಕರೆಯಬೇಕು.

ನಾನು, ನೀನು, ಅವನು ಎಂಬ ಸರ್ವನಾಮಗಳ ಹತ್ತಿರಕ್ಕಂತೂ ಇಂಗ್ಲಿಷಿನ ಗುಣವಾಚಕ ಸುಳಿಯುವುದೇ ಅಪರೂಪ. ‘ಟಾಲ್ ಹೀ’ ಎಂದು ಯಾರೂ ಅನ್ನುವುದಿಲ್ಲ. ಅನುಕಂಪ, ಹೊಟ್ಟೆಕಿಚ್ಚು, ಗೇಲಿ, ಹೆಚ್ಚುಕಡಿಮೆ ಇವಕ್ಕಷ್ಟೇ ಪ್ರವೇಶ: ‘ಪೂರ್ ಮಿ’, ‘ಲಕ್ಕಿ ಯೂ’, ‘ಸಿಲ್ಲಿ ಮಿ’. ಅದೂ ‘ಮಿ’ಗೆ ಸಲ್ಲುವ ಮಾತು, ‘ಐ’ಗಲ್ಲ. ಸದಾ ದೊಡ್ಡಕ್ಷರದಲ್ಲಿ ಸೆಟೆದು ನಿಲ್ಲುವ ‘ಐ’ಗೆ ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಒಗ್ಗುವುದಿಲ್ಲವೇನೋ.

ಇನ್ನು ಯಾವ ಗುಣವಾಚಕಕ್ಕೆ ಯಾವ ಪ್ರಿಪೊಸಿಷನ್ ಎಂಬುದು. ಲೆಕ್ಕದಲ್ಲಿ ಚುರುಕಾದವಳು ‘ಗುಡ್ ಅಟ್ ಮ್ಯಾಥ್ಸ್’, ಮಕ್ಕಳನ್ನು ಸಂಭಾಳಿಸುವವಳು ‘ಗುಡ್ ವಿತ್ ಚಿಲ್ಡ್ರನ್’, ಕಷ್ಟಕಾಲಕ್ಕೆ ಆದವಳು ‘ಗುಡ್ ಟು ಮಿ’, ನುಗ್ಗೆಸೊಪ್ಪು ‘ಗುಡ್ ಫಾರ್ ಯೂ’. ಒಂದೇ ಗುಣ, ನಾಲ್ಕು ಬಾಲ. ‘ಡಿಫರೆಂಟ್’ ಬಗ್ಗೆ ಅವರವರಲ್ಲೇ ಒಮ್ಮತ ಇಲ್ಲ; ‘ಫ್ರಮ್’ ಎಲ್ಲರಿಗೂ ಒಪ್ಪಿಗೆ, ಬ್ರಿಟಿಷರ ಬಾಯಲ್ಲಿ ‘ಟು’ ಕೂಡ ಬರುತ್ತದೆ, ಅಮೆರಿಕದವರ ಬಾಯಲ್ಲಿ ‘ದ್ಯಾನ್’.

ನಾವೋ ವಿಭಕ್ತಿಯಲ್ಲಿ ಯೋಚಿಸುವವರು. ಲೆಕ್ಕ‘ದಲ್ಲಿ’ ಜಾಣ, ಹಾಗಾಗಿ ‘ಗುಡ್ ಇನ್ ಮ್ಯಾಥ್ಸ್’. ಮದುವೆ ಒಬ್ಬರ ಜೊತೆ, ಹಾಗಾಗಿ ‘ಮ್ಯಾರೀಡ್ ವಿತ್’. ಸಿಟ್ಟು ಯಾವತ್ತಿದ್ದರೂ ಒಬ್ಬರ ಮೇಲೆ, ಹಾಗಾಗಿ ‘ಆಂಗ್ರಿ ಆನ್ ಮಿ’. ಇಂಗ್ಲಿಷಿನವರು ‘ವಿತ್’ ಅನ್ನು ಸಿಟ್ಟಿಗೆ ಕೊಟ್ಟು, ಮದುವೆಗೆ ‘ಟು’ ಇಟ್ಟುಕೊಂಡಿದ್ದಾರೆ. ಬೆಂಗಳೂರಿನ ಆಫೀಸುಗಳಲ್ಲಿ ‘ಬಾಸ್ ಈಸ್ ಆಂಗ್ರಿ ಆನ್ ಮಿ’ ಎಂದು ಯಾರಾದರೂ ಅಂದರೆ ಪ್ರಿಪೊಸಿಷನ್ ತಿದ್ದುವವರು ಕಡಿಮೆ, ‘ಯಾಕ್ರೀ, ಏನಾಯ್ತು?’ ಎಂದು ಕುರ್ಚಿ ಎಳೆದುಕೊಳ್ಳುವವರೇ ಹೆಚ್ಚು.