ಪಾರದರ್ಶಕತೆಗೆ ಏಳು ಜನ ಬೇಕಾಗಿದ್ದಾರೆ

ದಾವಣಗೆರೆಯಲ್ಲಿ ಸರ್ಕಾರಿ ಕಾಗದ ಪೂರ್ತಿ ಪಾರದರ್ಶಕವಾಗುವುದು ಒಂದೇ ಕಡೆ: ಮಂಡಕ್ಕಿ-ಮಿರ್ಚಿ ಗಾಡಿಯ ಮುಂದೆ. ಬಿಸಿ ಮಿರ್ಚಿ ಇಟ್ಟ ಎರಡೇ ನಿಮಿಷಕ್ಕೆ ಹಳೇ ಟೆಂಡರ್ ಪ್ರಕಟಣೆ ಎಣ್ಣೆ ಹೀರಿಕೊಂಡು, ಹಿಂದೆ ಹಿಡಿದ ಬೆರಳು ಮುಂದೆ ಕಾಣುತ್ತದೆ. ಇಷ್ಟು ಅಗ್ಗದ ವಿಧಾನ ಇದ್ದೂ ಕೆಲವರಿಗೆ ಸಂಸ್ಥೆ ಕಟ್ಟಿ, ಆಪ್ ಮಾಡಿ, ಸರ್ಕಾರವನ್ನೇ ಪಾರದರ್ಶಕ ಮಾಡುವ ಹಂಬಲ. ಅಂಥವರಿಗೆ ನಾಲ್ಕು ಮಾತು.

ಮೊದಲು ಜನ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕನಿಷ್ಠ 7 ಸದಸ್ಯರನ್ನು ಕೇಳುತ್ತದೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹಕಾರ್ಯದರ್ಶಿ, ಖಜಾಂಚಿ ಹುದ್ದೆಗೆ ಐವರು ತಾವಾಗಿ ಬರುತ್ತಾರೆ. ಬರೀ ಸದಸ್ಯರಾಗಲು ಒಪ್ಪುವ ಇಬ್ಬರು ಮಾತ್ರ ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲ. ಅವರನ್ನು ಗೌರವಾಧ್ಯಕ್ಷ, ಪ್ರಧಾನ ಸಂಚಾಲಕ ಎಂದು ಕರೆದು ಕೆಲಸ ಮುಗಿಸಿ. ಕಂಪ್ಯೂಟರ್ ಗೊತ್ತಿರುವ ಹುಡುಗ ಎಂಟನೆಯವನು. ಅವನ ಹೆಸರು ದಾಖಲೆಯಲ್ಲಿ ಇರುವುದಿಲ್ಲ.

ಬೈಲಾ, ಅಂದರೆ ಸಂಘದ ನಿಯಮಾವಳಿ, ನಕಲು ಮಾಡುವಾಗ ಎಚ್ಚರ. ಗಣೇಶೋತ್ಸವ ಸಮಿತಿಯದನ್ನು ಎತ್ತಿಕೊಂಡರೆ ‘ವಿಸರ್ಜನೆ’ ಅಧ್ಯಾಯದಲ್ಲಿ ಡೊಳ್ಳು, ಟ್ರ್ಯಾಕ್ಟರ್ ಹಾಗೇ ಉಳಿದಿರುತ್ತವೆ.

ಇನ್ನು ಮಾಹಿತಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ಯಾರೂ ಕೇಳದೆಯೇ 17 ಬಗೆಯ ವಿವರ ಪ್ರಕಟಿಸಬೇಕು. ಪ್ರಕಟಿಸುತ್ತವೆ ಕೂಡ: ಓರೆಯಾಗಿ, ಕೆಲವು ಪುಟ ತಲೆಕೆಳಗಾಗಿ, ಅಂಚಿನಲ್ಲಿ ಕಾಗದ ಹಿಡಿದವರ ಹೆಬ್ಬೆರಳಿನ ಸಮೇತ. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಅದರಲ್ಲಿ ‘ಚರಂಡಿ’ ಎಂದು ಹುಡುಕಿದರೆ ಚರಂಡಿಯೇ ಇಲ್ಲ ಎನ್ನುತ್ತದೆ. ಎಷ್ಟೋ ಬಡಾವಣೆಗಳಲ್ಲಿ ಅದು ನಿಜವೂ ಹೌದು. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಬೇಕು. 100 ಡಿಪಿಐ ಪುಟ ಕೊಟ್ಟರೆ ಒತ್ತಕ್ಷರ ನುಂಗಿ ‘ಲೆಕ್ಕ’ವನ್ನು ‘ಲೆಕ’ ಮಾಡುತ್ತದೆ, ‘ಕೊಟ್ಟ’ವನ್ನು ‘ಕೊಟ’ ಮಾಡುತ್ತದೆ. ೩ ಮತ್ತು ೬ರ ನಡುವೆ ತಡವರಿಸುತ್ತದೆ. ಮೂರು ಲಕ್ಷದ ಕಾಮಗಾರಿ ಆರು ಲಕ್ಷವಾದದ್ದು ತಂತ್ರಾಂಶದ ತಪ್ಪೋ, ಮೂಲದಲ್ಲೇ ಹಾಗಿತ್ತೋ ಎಂದು ತಿಳಿಯಲು ಮತ್ತೆ ಕಡತವನ್ನೇ ನೋಡಬೇಕು.

ಕೆಲವು ಕಚೇರಿಗಳು ಚಿತ್ರವಲ್ಲ, ಟೈಪ್ ಮಾಡಿದ ಕಡತವನ್ನೇ ಕೊಡುತ್ತವೆ. ಹಿಗ್ಗಬೇಡಿ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಪೂರ್ವದ ಹಳೇ ‘ನುಡಿ’ ಫಾಂಟಿನಲ್ಲಿದ್ದರೆ, ಕಾಪಿ ಮಾಡಿ ಅಂಟಿಸಿದ ಕೂಡಲೇ ಕನ್ನಡವೆಲ್ಲ ತಲೆಯ ಮೇಲೆ ಟೋಪಿ, ಚುಕ್ಕೆ ಇಟ್ಟುಕೊಂಡ ಪರದೇಶಿ ಅಕ್ಷರವಾಗುತ್ತದೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಇದೆ. ಅದು ಸೊನ್ನೆಯನ್ನೂ ಅನುಸ್ವಾರವನ್ನೂ ಬೇರ್ಪಡಿಸಲಾರದು, ಏಕೆಂದರೆ ಟೈಪ್ ಮಾಡಿದವರೇ ಬೇರ್ಪಡಿಸಿರುವುದಿಲ್ಲ. ಊರಿನ ಹೆಸರಂತೂ ಕೇಳಬೇಡಿ. ಇಂಗ್ಲಿಷಿನ ದಾವಣಗೆರೆಗೆ ನಡುವೆ ಒಂದು ‘ಎ’ ಇದ್ದರೆ ಒಂದು ಜಿಲ್ಲೆ, ಇಲ್ಲದಿದ್ದರೆ ಇನ್ನೊಂದು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾದ ಜಿಲ್ಲೆ ನಿಮ್ಮ ಪಟ್ಟಿಯಲ್ಲಿ ಮತ್ತೊಮ್ಮೆ ಒಡೆಯುತ್ತದೆ.

ಸಿಗದ ಮಾಹಿತಿಗೆ ಅರ್ಜಿ, 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇಲ್ಲಿ ವ್ಯಾಕರಣ ಕೈ ಹಿಡಿಯುತ್ತದೆ. ‘ಕಾಮಗಾರಿವಾರು ಮೊತ್ತದ ವಿವರದ ಪಟ್ಟಿ’ ಎಂದರೆ ನಾಲ್ಕು ಪದ. ‘ಕಾಮಗಾರಿವಾರುಮೊತ್ತವಿವರಪಟ್ಟಿ’ ಎಂದರೆ ಒಂದೇ. ಅರಿಸಮಾಸವೆಂದು ಪಂಡಿತರು ಮುನಿಯಬಹುದು, ಎಣಿಕೆಗೆ ಮಾತ್ರ ಒಂದೇ. ಉತ್ತರಕ್ಕೆ 30 ದಿನ. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಎಂಬ ಪತ್ರ 29ನೇ ದಿನ ಹೊರಡುತ್ತದೆ, ನೀವು ಕಟ್ಟುವವರೆಗೆ ದಿನಗಳ ಎಣಿಕೆ ನಿಂತಿರುತ್ತದೆ. ಮಾಹಿತಿ ಬರುವ ಹೊತ್ತಿಗೆ, ಅದನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸಬೇಕಾದ ಡ್ಯಾಶ್‌ಬೋರ್ಡ್ ಉದ್ಘಾಟನೆಯಾಗಿ, ಶಾಲು ಹೊದಿಸಿ, ಫೋಟೊ ಪತ್ರಿಕೆಯಲ್ಲಿ ಬಂದು ಹೋಗಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸದ್ಯಕ್ಕೆ ಪದಾಧಿಕಾರಿಗಳ ಭಾವಚಿತ್ರವಿದೆ.

ಮರೆಯುವ ಕೆಲಸ ಒಂದೇ. ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೇ ವರ್ಷ ಆ ಎಂಟನೆಯ ಹುಡುಗನೇ ಸಂಘದ ಖರ್ಚುವೆಚ್ಚ ತೋರಿಸಿ ಎಂದು ಪತ್ರ ಬರೆಯುತ್ತಾನೆ. ಖಜಾಂಚಿ ಕನ್ನಡಕ ಏರಿಸಿ, ಪೆನ್ಸಿಲ್ ತುದಿಯಲ್ಲಿ ಒಂದೊಂದೇ ಪದ ಎಣಿಸಿ, ಹಿಂಬರಹ ಕೊಡುತ್ತಾರೆ: 151 ಪದಗಳಿವೆ, ಅರ್ಜಿ ತಿರಸ್ಕೃತ.